ಕಡಲ ಕಳೆ, ಹೊಲದ ಕಳೆ

ಪುಣೆಯಿಂದ ಹೊರಡುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಸೋಲಾಪುರ, ಹುಮನಾಬಾದುಗಳನ್ನು ಹಾದು ಜಹೀರಾಬಾದನ್ನು ದಾಟಿ, ಹೈದರಾಬಾದು, ವಿಜಯವಾಡಗಳ ಆಚೆ ಮಚಲಿಪಟ್ಟಣದಲ್ಲಿ ಕಡಲನ್ನು ಮುಟ್ಟುತ್ತದೆ. ಜಹೀರಾಬಾದಿನಲ್ಲಿ ನಿಂತವರಿಗೆ ಆ ಕಡಲು ನೂರಾರು ಕಿಲೋಮೀಟರು ದೂರದ ಸಂಗತಿ. ಬೀದರಿನ ಜಂಬಿಟ್ಟಿಗೆಯ ಸೀಮೆ ಗಡಿ ದಾಟಿ ಇಲ್ಲಿಯವರೆಗೂ ಚಾಚಿಕೊಂಡಿದೆ. ಒಂದು ಹೊಲ ಕೆಂಪಾಗಿದ್ದರೆ ಅದರಾಚೆಯದು ಕಪ್ಪು. ಜೋಳ, ತೊಗರಿ, ಕಡಲೆ, ಕುಸುಬೆ, ನೀರಿದ್ದಲ್ಲಿ ಕಬ್ಬು ಮತ್ತು ಶುಂಠಿ: ಇವುಗಳ ನಡುವೆ ಬೆಳೆದ ಮಗುವಿಗೆ ಕಡಲೆಂಬುದು ಭೂಗೋಳದ ಪಾಠದಲ್ಲಿ ಮಾತ್ರ ಕಾಣುವ ನೀಲಿ ಬಣ್ಣ.

ಹೀಗಿದ್ದರೂ ಕಡಲಿನ ಒಂದು ಸರಕು ಈಗ ಒಳನಾಡಿನ ಊರುಗಳಿಗೂ ಕೊರಿಯರ್‌ನಲ್ಲಿ ಬಂದು ತಲುಪಬಲ್ಲದು. ಅದು ಕಂದು ಕಡಲಕಳೆಯಿಂದ ತೆಗೆದ ಫ್ಯೂಕೊಕ್ಸಾಂತಿನ್ ಎಂಬ ವರ್ಣದ್ರವ್ಯವನ್ನು ತುಂಬಿದ ಗುಳಿಗೆ. ಬೊಜ್ಜು ಕರಗುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ, ಯಕೃತ್ತು ಹಗುರಾಗುತ್ತದೆ, ಕಣ್ಣಿಗೆ ಕಾಂತಿ ಬರುತ್ತದೆ ಎಂದು ಇದನ್ನು ಮಾರುವವರು ಹೇಳುತ್ತಾರೆ. ಸಕ್ಕರೆ ಕಾಯಿಲೆ ಮನೆಮನೆಗೂ ಬಂದಿರುವ ಕಾಲದಲ್ಲಿ ಇಂಥ ಮಾತಿಗೆ ಕಿವಿಗೊಡದ ಕುಟುಂಬ ಕಡಿಮೆ. ಮಗಳ ಶಾಲೆಯ ಬ್ಯಾಗಿಗೋ ಮಗನ ಬಸ್ ಪಾಸಿಗೋ ಎತ್ತಿಟ್ಟ ಹಣದಿಂದಲೇ ಡಬ್ಬಿ ಕೊಳ್ಳಬೇಕಾದ ಮನೆಗಳಲ್ಲಿ ಅದರೊಳಗೆ ಏನಿದೆ ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ.

ಕಡಲಕಳೆಯ ಕಂದು ಬಣ್ಣ ಒಂದು ಮುಸುಕು. ಒಳಗೆ ಎಲ್ಲ ಸಸ್ಯಗಳಲ್ಲಿರುವಂತೆ ಹಸಿರು ಪತ್ರಹರಿತ್ತೇ ಇರುತ್ತದೆ. ನೀರಿನ ಆಳಕ್ಕೆ ಇಳಿಯುವ ನೀಲಿ ಮತ್ತು ಹಸಿರು ಬೆಳಕನ್ನು ಹಿಡಿಯಲು ಫ್ಯೂಕೊಕ್ಸಾಂತಿನ್ ಅದರ ಜೊತೆಗೂಡಿ ಹಸಿರನ್ನು ಮರೆಮಾಡುತ್ತದೆ. ಜಪಾನಿನ ಅಡುಗೆಮನೆಯಲ್ಲಿ ವಾಕಾಮೆ ಎಂಬ ಕಡಲಕಳೆಯನ್ನು ಕುದಿಯುವ ನೀರಿಗೆ ಹಾಕಿದೊಡನೆ ಕಂದು ಮಾಯವಾಗಿ ಎಳೆಹಸಿರು ಮೇಲೆ ಬರುತ್ತದೆ. ನೆಲದ ಮೇಲೆ ಇದಕ್ಕೆ ತಿರುಗುಮುರುಗಾದ ಆಟ ನಡೆಯುತ್ತದೆ. ಸೊಪ್ಪಿನ ಎಲೆಯಲ್ಲಿ ಹಸಿರೇ ಮುಸುಕು. ಅದರ ಹಿಂದೆ ಹಳದಿ ಮತ್ತು ಕಿತ್ತಳೆ ಬಣ್ಣದ ದ್ರವ್ಯಗಳು ಅಡಗಿರುತ್ತವೆ. ಅರಳಿಯ ಎಲೆ ಹಣ್ಣಾಗಿ ಹಳದಿಗೆ ತಿರುಗುವಾಗ ಹೊರಬೀಳುವುದು ಅವೇ. ಕಡಲಿನ ಕಂದು, ಸೊಪ್ಪಿನ ಹಳದಿ, ಗಜ್ಜರಿಯ ಕಿತ್ತಳೆ ಎಲ್ಲವೂ ಕ್ಯಾರೊಟಿನಾಯ್ಡ್ ಎಂಬ ಒಂದೇ ಕುಲಕ್ಕೆ ಸೇರಿದವು.

ಒಂದೇ ಕುಲದವಾದರೂ ಎಲ್ಲವುಗಳ ಕೆಲಸ ಒಂದೇ ಅಲ್ಲ. ಗಜ್ಜರಿಯಲ್ಲೂ ಸೊಪ್ಪಿನಲ್ಲೂ ಇರುವ ಬೀಟಾ ಕ್ಯಾರೊಟಿನ್ ದೇಹದೊಳಗೆ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಸೊಪ್ಪಿನ ಮತ್ತೊಂದು ದ್ರವ್ಯವಾದ ಲೂಟೀನ್ ಕಣ್ಣಿನ ಅಕ್ಷಿಪಟಲದಲ್ಲಿ ಹೋಗಿ ನೆಲೆಸುತ್ತದೆ. ಫ್ಯೂಕೊಕ್ಸಾಂತಿನ್ ಕರುಳಿನಲ್ಲಿ ಫ್ಯೂಕೊಕ್ಸಾಂತಿನಾಲ್ ಆಗಿ ಬದಲಾಗುತ್ತದೆ. ಬೀಟಾ ಕ್ಯಾರೊಟಿನ್ ಹಿಡಿಯುವ ದಾರಿಯನ್ನು ಅದು ಹಿಡಿಯುವುದಿಲ್ಲ. ಅದರ ಕೀರ್ತಿಗೆ ಮೂಲವಾದದ್ದು 2005ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆ. ವಾಕಾಮೆಯ ಸಾರವನ್ನು ತಿಂದ ಇಲಿಗಳ ಹೊಟ್ಟೆಯ ಬಿಳಿ ಕೊಬ್ಬಿನಲ್ಲಿ, ಕೊಬ್ಬನ್ನು ಉರಿಸಿ ಶಾಖವಾಗಿಸುವ ಒಂದು ಪ್ರೋಟೀನು ಕಾಣಿಸಿಕೊಂಡಿತು ಎಂಬುದು ಅದರ ಸಾರಾಂಶ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿಯೂ ಈ ದ್ರವ್ಯವನ್ನು ಇಲಿಗಳ ಮೇಲೆ ಪರೀಕ್ಷಿಸಿ, ಎ ಜೀವಸತ್ವದ ಕೊರತೆಯಿಂದ ದೇಹಕ್ಕಾಗುವ ಹಾನಿಯನ್ನು ಅದು ತಗ್ಗಿಸಬಲ್ಲದೇ ಎಂದು ನೋಡಿದ್ದಾರೆ. ಫಲಿತಾಂಶಗಳು ಆಶಾದಾಯಕವಾಗಿದ್ದವು. ಆದರೆ ಇಲಿಯ ಮೈ ಬೇರೆ, ಮನುಷ್ಯನ ಮೈ ಬೇರೆ.

ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಕೆಲವೇ. ಮಾರಾಟಗಾರರು ಮತ್ತೆ ಮತ್ತೆ ಎತ್ತಿ ಹೇಳುವುದು 2010ರಲ್ಲಿ ಪ್ರಕಟವಾದ ಒಂದನ್ನು. ಅದರಲ್ಲಿ 151 ಮಂದಿ ಸ್ಥೂಲಕಾಯದ ಮಹಿಳೆಯರು 16 ವಾರಗಳ ಕಾಲ ಭಾಗವಹಿಸಿದ್ದರು. ಗುಳಿಗೆ ನುಂಗಿದವರ ತೂಕ ಸುಮಾರು ಐದು ಕಿಲೋ ಹೆಚ್ಚು ಇಳಿಯಿತು ಎಂದು ವರದಿಯಾಯಿತು. ಆ ಗುಳಿಗೆಯಲ್ಲಿ ಕಡಲಕಳೆಯ ಸಾರದ ಜೊತೆಗೆ ದಾಳಿಂಬೆ ಬೀಜದ ಎಣ್ಣೆಯೂ ಇತ್ತೆಂಬುದನ್ನು ಜಾಹೀರಾತು ಹೇಳುವುದಿಲ್ಲ. ಇಬ್ಬರು ಸಾಕ್ಷಿಗಳು ಒಟ್ಟಿಗೆ ನುಡಿದ ಮಾತನ್ನು ಒಬ್ಬನ ಹೆಸರಿಗೆ ಬರೆದುಕೊಳ್ಳುವುದು ಯಾವ ನ್ಯಾಯಾಲಯದಲ್ಲೂ ನಿಲ್ಲದು. ಕಂದು ಕಡಲಕಳೆ ಅಯೋಡಿನನ್ನು ತನ್ನಲ್ಲಿ ಅಪಾರವಾಗಿ ಕೂಡಿಟ್ಟುಕೊಳ್ಳುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ, ಅದು ಅಡುಗೆ ಉಪ್ಪಿನಿಂದಲೇ ದೊರೆಯುತ್ತದೆ. ಥೈರಾಯ್ಡ್ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಂಥ ಡಬ್ಬಿಯನ್ನು ತೆರೆಯುವುದು ತರವಲ್ಲ. ಮಕ್ಕಳಿಗಂತೂ ಇದು ಬೇಡವೇ ಬೇಡ.

ಕಡಲಕಳೆ ಎಂಬ ಮಾತಿನಲ್ಲಿ ಕಳೆ ಎಂಬ ಪದವಿದೆ. ಬಿತ್ತದೆ ಹುಟ್ಟಿದ್ದು, ಬೇಡದೆ ಬಂದದ್ದು ಎಂಬುದು ಅದರ ಅರ್ಥ. ಜಹೀರಾಬಾದಿನ ಹೊಲಗಳಲ್ಲಿ ಈ ಪದಕ್ಕೆ ಬೇರೆಯೇ ಒಂದು ಚರಿತ್ರೆಯುಂಟು. ಹೆದ್ದಾರಿಯ ಪಕ್ಕದ ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದು ಈ ಕೆಂಪು ಮಣ್ಣಿಗೆ ಬಂದು ನೆಲೆಸಿದವರು. 2023ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಭಾರತದ ಒತ್ತಾಸೆಯಿಂದ ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ್ದ ವರ್ಷವೇ ಅದು. ಸೊಸೈಟಿಯ ಸಂಘಗಳಲ್ಲಿರುವವರು ಬಹುತೇಕ ದಲಿತ ಹೆಣ್ಣುಮಕ್ಕಳು, ಎರಡು ಮೂರು ಎಕರೆಯ ಒಡತಿಯರು. ಮಾಚನೂರಿನಲ್ಲಿ ಅವರೇ ನಡೆಸುವ ಸಂಘಂ ರೇಡಿಯೊ 2008ರ ಅಕ್ಟೋಬರಿನಿಂದ ಮಾತನಾಡುತ್ತಿದೆ. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಸಿಂಗರಿಸಿದ ಎತ್ತಿನ ಬಂಡಿಗಳು ಹಳೆಯ ಬೀಜಗಳನ್ನು ಹೊತ್ತು ಊರೂರು ಸುತ್ತುತ್ತವೆ. ಪಾತ ಪಂಟಲ ಜಾತರ, ಅಂದರೆ ಹಳೆಯ ಬೆಳೆಗಳ ಜಾತ್ರೆ ಎಂದು ಅದರ ಹೆಸರು.

ಈ ಹೆಣ್ಣುಮಕ್ಕಳ ಲೆಕ್ಕದಲ್ಲಿ ಹೊಲದಲ್ಲಿ ತಾನಾಗಿ ಹುಟ್ಟಿದ್ದೆಲ್ಲ ಕಿತ್ತೆಸೆಯತಕ್ಕದ್ದಲ್ಲ. ಮಳೆ ಬಿದ್ದು ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಸಾಲುಗಳ ನಡುವೆ ಅಣ್ಣೆಸೊಪ್ಪು, ಗೋಳಿ ಪಲ್ಯ, ತಗಚೆ, ಕಿರಕಸಾಲಿ ತಲೆಯೆತ್ತುತ್ತವೆ. ಬದುವಿನ ತೇವದಲ್ಲಿ ಹೊನಗೊನೆ ಹಬ್ಬುತ್ತದೆ. ಕಳೆ ಕೀಳುವವರು ದನಕ್ಕೆ ಹೋಗುವುದನ್ನು ಒಂದೆಡೆ ಗುಡ್ಡೆ ಹಾಕಿ, ಮನೆಗೆ ಹೋಗುವುದನ್ನು ಉಡಿಗೆ ಸೇರಿಸುತ್ತಾರೆ. ಅಣ್ಣೆಸೊಪ್ಪು ತೆಲುಗಿನಲ್ಲಿ ಗುನುಗು. ಎಳೆಯದಿದ್ದಾಗ ಪಲ್ಯವಾದ ಗಿಡವೇ ಬಲಿತು ಹೂಬಿಟ್ಟಾಗ ಬತುಕಮ್ಮನ ತಟ್ಟೆಗೆ ಏರುತ್ತದೆ. ಗೋಳಿ ಪಲ್ಯವನ್ನು ತೆಲುಗಿನವರು ಗಂಗವಾಯಿಲಿ ಎನ್ನುತ್ತಾರೆ. ಮೀನಿನೆಣ್ಣೆಯ ಸಂಬಂಧಿಯಾದ ಒಮೆಗಾ-3 ಕುಲದ ಕೊಬ್ಬು ಅದರ ದಪ್ಪ ಎಲೆಯಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2009ರಲ್ಲಿ ಜಗತ್ತಿನ ಮೂಲಜನರ ಆಹಾರ ಪದ್ಧತಿಗಳ ಕುರಿತು ಹೊರತಂದ ದೊಡ್ಡ ಪುಸ್ತಕದಲ್ಲಿ ಜಹೀರಾಬಾದ್ ಸೀಮೆಯ ದಲಿತರ ಆಹಾರಕ್ಕೇ ಒಂದು ಅಧ್ಯಾಯವಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರೂ ಸೊಸೈಟಿಯವರೂ ಸೇರಿ ಈ ಹಳ್ಳಿಗಳ ತಾಯಂದಿರ ಊಟವನ್ನು ಅಳೆದು ತೂಗಿದ್ದರು. ಅವರಲ್ಲಿ ಅನೇಕರಿಗೆ ಇರುಳುಗುರುಡು ಇದ್ದುದೂ ಆಗ ಕಂಡುಬಂತು. ಸೊಪ್ಪಿನ ಸಂಪತ್ತು ಇರುವ ನೆಲದಲ್ಲೇ ಸೊಪ್ಪು ತಟ್ಟೆಗೆ ಸಾಲದೆ ಹೋಗುವ ತಿಂಗಳುಗಳಿವೆ ಎಂಬುದನ್ನು ಮರೆಮಾಚಿ ಹಳ್ಳಿಯ ಊಟವನ್ನು ಹೊಗಳುವುದು ಸುಳ್ಳಾದೀತು.

ಜಹೀರಾಬಾದಿನಿಂದ ಉತ್ತರಕ್ಕೆ ಹೊರಟರೆ ಮಂಜೀರೆ ಎದುರಾಗುತ್ತದೆ. ಬೀದರ್ ಜಿಲ್ಲೆಯನ್ನು ಬಳಸಿ ಬಂದ ನದಿ ಮುಂದೆ ಸಿಂಗೂರಿನ ಅಣೆಕಟ್ಟೆಯಲ್ಲಿ ನಿಂತು ಹೈದರಾಬಾದಿಗೆ ಕುಡಿಯುವ ನೀರಾಗುತ್ತದೆ. ನದಿಯಾಚೆ ನಾರಾಯಣಖೇಡ. ಈ ಎರಡೂ ತಾಲೂಕುಗಳು 1956ರ ಅಕ್ಟೋಬರ್ 31ರವರೆಗೆ ಬೀದರ್ ಜಿಲ್ಲೆಯವು. ಮರುದಿನ ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣಾ ಕಾಯಿದೆ ನಾರಾಯಣಖೇಡವನ್ನು ಇಡಿಯಾಗಿ, ಜಹೀರಾಬಾದನ್ನು ನಿರ್ಣಾ ಸರ್ಕಲ್ ಬಿಟ್ಟು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲನ್ನು ಕತ್ತರಿಸಿ ಆಂಧ್ರಕ್ಕೆ ಸೇರಿಸಿತು. ತಾಂಡೂರು ಅದೇ ದಿನ ಕಲಬುರಗಿಯಿಂದ ಬೇರೆಯಾಯಿತು. ಕಾಯಿದೆಯ ಪುಟದ ಮೇಲೆ ಒಂದು ಸಾಲಿನಲ್ಲಿ ಮುಗಿದ ಈ ವ್ಯವಹಾರವು ಊಟದ ತಟ್ಟೆಯನ್ನು ಮಾತ್ರ ಮುಟ್ಟಲಿಲ್ಲ.

ಅದಕ್ಕೆ ಎಳ್ಳಮಾವಾಸ್ಯೆಯೇ ಪ್ರಮಾಣ. ಬೀದರ್, ಕಲಬುರಗಿಗಳಲ್ಲಿ ನಡೆಯುವಂತೆಯೇ ಗಡಿಯ ಈಚೆಯ ಹಳ್ಳಿಗಳಲ್ಲೂ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಬೆಳೆಗೆ ಚರಗ ಚೆಲ್ಲುತ್ತಾರೆ. ಬುತ್ತಿಯ ಮುಖ್ಯ ಪದಾರ್ಥ ಭಜ್ಜಿ. ಪೇಟೆಯಲ್ಲಿ ಎಣ್ಣೆಯಲ್ಲಿ ಕರಿದು ಮಾರುವ ತಿಂಡಿಗೂ ಇದಕ್ಕೂ ಹೆಸರೊಂದೇ ಸಮಾನ. ಈ ಭಜ್ಜಿಯೆಂದರೆ ಹಸಿ ಕಡಲೆ, ಹಸಿ ತೊಗರಿ, ಅವರೆ, ಬದನೆ, ಗಜ್ಜರಿ, ಮೆಂತ್ಯ, ಕೈಗೆ ಸಿಕ್ಕ ಸೊಪ್ಪುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಗಟ್ಟಿಯಾದ ಪಲ್ಯ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಮತ್ತು ಅಂಬಲಿ. ಕ್ಯಾರೊಟಿನಾಯ್ಡುಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಸೊಪ್ಪು ಬೆಂದು ಅದರ ಜೀವಕೋಶಗಳ ಗೋಡೆ ಒಡೆದಾಗ ಮತ್ತು ಜೊತೆಗೆ ಒಂದಿಷ್ಟು ಎಣ್ಣೆ ಹೊಟ್ಟೆಗೆ ಹೋದಾಗ ಮಾತ್ರ ದೇಹ ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಳ್ಳಿನ ರೊಟ್ಟಿಯೂ ಕುಸುಬೆ ಎಣ್ಣೆಯ ಒಗ್ಗರಣೆಯೂ ಆ ಕೆಲಸವನ್ನು ಮಾಡುತ್ತಲೇ ಬಂದಿವೆ. ಕಡಲಕಳೆಯ ಗುಳಿಗೆಯ ತಯಾರಕರು ಎಣ್ಣೆಯಲ್ಲಿ ಬೆರೆಸಿ ತುಂಬುವ ಕ್ರಮವನ್ನು ಹೊಸ ತಂತ್ರವೆಂದು ಬಣ್ಣಿಸಿದರೆ ಇಲ್ಲಿಯ ಅಜ್ಜಿಯರಿಗೆ ನಗು ಬಂದೀತು.

ಬೀಟಾ ಕ್ಯಾರೊಟಿನ್ ವಿಷಯದಲ್ಲಿ ವಿಜ್ಞಾನದ ಸಾಕ್ಷ್ಯ ಗಟ್ಟಿಯಾದದ್ದು. ಎ ಜೀವಸತ್ವ ಕಡಿಮೆಯಾದರೆ ಮೊದಲು ಇರುಳು ಕಾಣದು, ಆಮೇಲೆ ಕಣ್ಣು ಒಣಗುತ್ತದೆ, ಕೊನೆಗೆ ಕುರುಡು ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆಲಸದ ಫಲವಾಗಿ 1970ರಲ್ಲಿ ಮಕ್ಕಳಿಗೆ ಈ ಜೀವಸತ್ವವನ್ನು ಬಾಯಿಗೆ ಹಾಕುವ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲೂ ಆಸ್ಪತ್ರೆಯಲ್ಲೂ ಅದನ್ನು ಇಂದಿಗೂ ಉಚಿತವಾಗಿ ಕೊಡುತ್ತಾರೆ. ಆ ವಯಸ್ಸು ದಾಟಿ ಶಾಲೆಯ ಬೆಂಚಿಗೆ ಬಂದ ಮಗುವಿಗೆ ಉಳಿಯುವುದು ಊಟವೇ.

ಹಾಗಾದರೆ ಸೊಪ್ಪಿನ ಸಾರವನ್ನೇ ಗುಳಿಗೆ ಮಾಡಿ ನುಂಗಿದರಾಗದೇ ಎಂದು ಕೇಳಬಹುದು. ಫಿನ್‌ಲ್ಯಾಂಡಿನಲ್ಲಿ ಅದನ್ನೂ ಮಾಡಿ ನೋಡಿದರು. ಧೂಮಪಾನ ಮಾಡುವ 50ರಿಂದ 69 ವರ್ಷದ 29,133 ಗಂಡಸರನ್ನು ಆರಿಸಿ, ಅವರಲ್ಲಿ ಒಂದು ಭಾಗದವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ತಗ್ಗೀತು ಎಂಬುದು ನಿರೀಕ್ಷೆ. 1994ರಲ್ಲಿ ಪ್ರಕಟವಾದ ಫಲಿತಾಂಶ ಅದಕ್ಕೆ ವಿರುದ್ಧವಾಗಿತ್ತು: ಗುಳಿಗೆ ನುಂಗಿದವರಲ್ಲಿ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ತಟ್ಟೆಯಲ್ಲಿ ಹಿತವಾದ ದ್ರವ್ಯ ಗುಳಿಗೆಯಾಗಿ, ದೊಡ್ಡ ಪ್ರಮಾಣದಲ್ಲಿ, ಬೀಡಿ ಸಿಗರೇಟು ಸೇದುವ ದೇಹಕ್ಕೆ ಹೋದಾಗ ಅಹಿತವಾಯಿತು. ಬೀಡಿಯ ಹೊಗೆ ಈ ಸೀಮೆಗೆ ಅಪರಿಚಿತವಲ್ಲ. ಎಲ್ಲ ಗುಳಿಗೆಗಳೂ ವ್ಯರ್ಥವೆಂದು ಇದರ ಅರ್ಥವಲ್ಲ. ಅಕ್ಷಿಪಟಲದ ನಡುಭಾಗ ಸವೆಯುತ್ತಿರುವ ವೃದ್ಧರಿಗೆ ಲೂಟೀನ್ ಸೇರಿದ ಗುಳಿಗೆಯನ್ನು ಕಣ್ಣಿನ ವೈದ್ಯರು ಬರೆದುಕೊಡುವುದುಂಟು, ಅದಕ್ಕೆ ದೊಡ್ಡ ಪ್ರಯೋಗಗಳ ಆಧಾರವಿದೆ. ಫ್ಯೂಕೊಕ್ಸಾಂತಿನ್ ಇನ್ನೂ ಆ ಮೆಟ್ಟಿಲನ್ನು ಹತ್ತಿಲ್ಲ.

ಹೊಲದ ಸೊಪ್ಪಿಗೂ ತನ್ನದೇ ಆದ ಎಚ್ಚರಿಕೆಗಳಿವೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಗೋಳಿ, ಕಿರಕಸಾಲಿಗಳ ಆಕ್ಸಲೇಟ್ ಒಳ್ಳೆಯದಲ್ಲ. ಅದಕ್ಕಿಂತ ದೊಡ್ಡ ಸಂಕಟ ಬೇರೆಯಿದೆ. ಕಬ್ಬಿನ ಸಾಲಿಗೂ ಹತ್ತಿಯ ಹೊಲಕ್ಕೂ ಕಳೆನಾಶಕ ಸಿಂಪಡಿಸಿದಾಗ ಸಾಯುವ ಕಳೆಯ ಪಟ್ಟಿಯಲ್ಲಿ ಹೊನಗೊನೆಯೂ ಅಣ್ಣೆಸೊಪ್ಪೂ ಇರುತ್ತವೆ. ಕೂಲಿಯವರು ಸಿಗದ ರೈತನಿಗೆ ಬಾಟಲಿ ಅಗ್ಗ. ಅವನನ್ನು ದೂರುವುದು ಸುಲಭ, ಅವನ ಹೊಲದಲ್ಲಿ ಕುಳಿತು ಕಳೆ ತೆಗೆಯುವುದು ಕಷ್ಟ. ಔಷಧ ಹೊಡೆದ ಹೊಲದ ಬದುವಿನಿಂದ ಸೊಪ್ಪು ಕೀಳಬಾರದೆಂಬುದು ಕಳೆ ಕೀಳುವವರಿಗೆಲ್ಲ ಗೊತ್ತು. ಆದ್ದರಿಂದ ಕೀಳುವ ಜಾಗವೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಇದರ ಮೇಲೆ ನಾಚಿಕೆಯೆಂಬುದೊಂದು ಸೇರಿಕೊಂಡಿದೆ. ಕೂಲಿಯವರ ಪಲ್ಯ ಎಂಬ ಹೆಸರು ಅಂಟಿದ ಸೊಪ್ಪು ಮಗನ ಡಬ್ಬಿಯಲ್ಲಿ ಶಾಲೆಗೆ ಹೋಗುವುದಿಲ್ಲ. ಆ ಜಾಗಕ್ಕೆ ಬಿಸ್ಕತ್ತು ಬಂದು ಕುಳಿತಿದೆ.

ತಾಂಡೂರಿನ ನೆಲ ಇನ್ನೊಂದು ಬಗೆಯದು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಕಿಟಕಿಯಿಂದ ಮೊದಲು ಕಾಣುವುದು ಸೀಳಿ ಜೋಡಿಸಿಟ್ಟ ನೀಲಿಗಲ್ಲಿನ ಹಾಸುಗಳು, ಅವುಗಳ ಮೇಲೆ ಕುಳಿತ ಬಿಳಿಯ ಧೂಳು. ಕಲ್ಲಿನ ಹೊರಗೆ ಊರಿಗೆ ಹೆಸರು ತಂದದ್ದು ತೊಗರಿ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಲಬುರಗಿಯ ತೊಗರಿಬೇಳೆಗೆ ಅದಕ್ಕೆ ಮುನ್ನ, 2019ರಲ್ಲಿಯೇ ಸಿಕ್ಕಿತ್ತು. ಒಂದು ಕಾಲದಲ್ಲಿ ಒಂದೇ ಜಿಲ್ಲೆಯ ಹೊಲಗಳಲ್ಲಿ ಬೆಳೆದ ಬೇಳೆಗೆ ಈಗ ಎರಡು ನೋಂದಣಿ. 1956ರ ಗಡಿ ಬೇಳೆಯವರೆಗೂ ಬಂದು ಮುಟ್ಟಲು ಅರವತ್ತು ವರ್ಷ ಹಿಡಿಯಿತೆನ್ನಬಹುದು. ಎಲ್ಲಿ ಬೆಳೆಯಿತು, ಯಾರು ಬೆಳೆದರು ಎಂಬುದನ್ನು ಹೇಳಿಕೊಳ್ಳುವ ಹಕ್ಕನ್ನು ಆ ಕಾಯಿದೆ ಬೇಳೆಗೆ ಕೊಟ್ಟಿದೆ.

ಗುಳಿಗೆಯ ಡಬ್ಬಿಗೂ ಕಾಯಿದೆಯಿದೆ. ಅದು ಔಷಧವಲ್ಲ, 2016ರ ನಿಯಮಗಳ ಪ್ರಕಾರ ಆಹಾರ ಪೂರಕ. ಅದರ ಮೇಲೆ ಹೆಲ್ತ್ ಸಪ್ಲಿಮೆಂಟ್ ಎಂದೂ ನಾಟ್ ಫಾರ್ ಮೆಡಿಸಿನಲ್ ಯೂಸ್, ಅಂದರೆ ಔಷಧವಾಗಿ ಬಳಸತಕ್ಕದ್ದಲ್ಲ ಎಂದೂ ಮುದ್ರಿಸಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ರೋಗವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಆಹಾರ ಪದಾರ್ಥಕ್ಕೆ ಹೇಳಿಕೊಳ್ಳುವುದನ್ನು 2018ರ ನಿಯಮಗಳು ನಿಷೇಧಿಸಿವೆ. ಮಧುಮೇಹ, ಬೊಜ್ಜು, ಕಣ್ಣಿನ ಪೊರೆಗಳನ್ನು ವಾಸಿಮಾಡುವ ಔಷಧವೆಂದು ಜಾಹೀರಾತು ಕೊಡುವುದು 1954ರ ಕಾಯಿದೆಯ ಕಾಲದಿಂದಲೂ ಅಪರಾಧ. ಗ್ರಾಹಕ ಸಂರಕ್ಷಣಾ ಕಾಯಿದೆ, 2019, ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಮೋಸಹೋದವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಹೇಳಬಹುದು. ರಸೀದಿ ಮಾತ್ರ ಕೈಯಲ್ಲಿರಬೇಕು. ರಸೀದಿಯಿಲ್ಲದೆ ಪರಿಚಯದ ಮೇಲೆ ಕೊಂಡ ಡಬ್ಬಿಯೇ ಹೆಚ್ಚಾಗಿರುವುದರಿಂದ ಈ ಹಕ್ಕು ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯುತ್ತದೆ.

ಇಷ್ಟೆಲ್ಲ ಬರೆದ ನಿಯಮಗಳು ಒಂದು ಕಿಂಡಿಯನ್ನು ತೆರೆದೇ ಬಿಟ್ಟಿವೆ. ಚೀಟಿಯ ಮೇಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ, ಸೇರಿಸಲೇಬೇಕೆಂಬ ಕಟ್ಟಳೆಯೂ ಇಲ್ಲ. ಜಾಹೀರಾತು ತೆಲುಗಿನಲ್ಲೋ ಕನ್ನಡದಲ್ಲೋ ಮನೆಯೊಳಗೆ ಬಂದು ಕೂರಬಹುದು, ಆದರೆ ಔಷಧವಲ್ಲ ಎಂಬ ಎಚ್ಚರಿಕೆ ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಡಬ್ಬಿಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಗಡಿಯ ಕನ್ನಡ ಶಾಲೆಯ ಏಳನೆಯ ತರಗತಿಯ ಹುಡುಗಿ ಆ ನಾಲ್ಕು ಪದಗಳನ್ನು ಕೂಡಿಸಿ ಓದಬಲ್ಲಳು. ಓದಿ ಅಮ್ಮನಿಗೆ ಅರ್ಥ ಹೇಳುವ ಕೆಲಸ ಸದ್ಯಕ್ಕೆ ಅವಳ ಪಾಲಿಗೆ ಬಂದಿದೆ.

ಮೃಗಶಿರಾ ಮಳೆ ಸರಿಯಾಗಿ ಬಿದ್ದರೆ ಎರಡು ವಾರದೊಳಗೆ ತಾಂಡೂರಿನ ತೊಗರಿ ಸಾಲುಗಳ ನಡುವೆ ಗೋಳಿ ಪಲ್ಯ ಹಾಸಿಕೊಳ್ಳುತ್ತದೆ. ಅದನ್ನು ಹುಳಿಸಪ್ಪಗೆ ತೊಗರಿಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಬಿಸಿ ಜೋಳದ ರೊಟ್ಟಿಯ ಮೇಲೆ ಹಾಕಿಕೊಳ್ಳುತ್ತಾರೆ. ಆಷಾಢ ಕಳೆದರೆ ಎಲೆ ಒರಟಾಗುತ್ತದೆ. ಆಮೇಲೆ ಅಣ್ಣೆಸೊಪ್ಪಿನ ಸರದಿ.